ಚಿತ್ರ ಬರೆಯುತ್ತಿರುವ ಕೈ ಯಾವುದು?

ಅಕ್ಕನ ಮನೆ ಕೊಯಮತ್ತೂರಿನ ಉಕ್ಕಡಂನಲ್ಲಿದೆ, ಪೆರಿಯಕುಳಂ ಕೆರೆಗೆ ಹತ್ತಿರ. ನಮ್ಮದು ದೇವಾಂಗರ ಮನೆತನ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು, ಬಸ್ ನಿಲ್ದಾಣದವರೆಗೆ ಹೋದರೆ ಪಾಲಕ್ಕಾಡಿನ ಬಸ್ಸಿನಿಂದ ಇಳಿದವರ ಮಲಯಾಳ. ಹೋದ ಸಲ ಅಲ್ಲಿಗೆ ಹೋದಾಗ ಕೈಕಾಲು ತೊಳೆದು ಕೂತಿದ್ದೆನೋ ಇಲ್ಲವೋ, ಅಕ್ಕನ ಮಗ ಲ್ಯಾಪ್‌ಟಾಪ್ ತಂದು ಎದುರಿಗಿಟ್ಟ. ಅವನಿಗೆ ತಿರುಪ್ಪೂರಿನ ಬನಿಯನ್ ಕಾರ್ಖಾನೆಯೊಂದರಲ್ಲಿ ಲೆಕ್ಕ ನೋಡುವ ಕೆಲಸ. ವಾರವಿಡೀ ಅದೇ ಲ್ಯಾಪ್‌ಟಾಪ್‌ನಲ್ಲಿ ಕೆಲಸ, ಭಾನುವಾರ ಅದರಲ್ಲೇ ಆಟ. ಪರದೆಯ ಮೇಲೆ ವಿಚರ್ 3 ಓಡುತ್ತಿತ್ತು. ಓಡುತ್ತಿತ್ತು ಎನ್ನಲು ಮನಸ್ಸು ಬರುವುದಿಲ್ಲ. ನಾಯಕನ ಕುದುರೆ ಕಾಲೆತ್ತಿದ್ದು ಒಂದು ಚಿತ್ರದಲ್ಲಿ ಕಂಡರೆ, ಆ ಕಾಲು ನೆಲ ಮುಟ್ಟಿದ್ದು ಇನ್ನೊಂದರಲ್ಲಿ ಕಾಣುತ್ತಿತ್ತು. ನಡುವಿನದ್ದೆಲ್ಲ ಮಾಯ. "ಮಾಮ, ವಿಂಡೋಸ್‌ನಲ್ಲಿ ಚೆನ್ನಾಗಿತ್ತು. ಲಿನಕ್ಸ್ ಹಾಕಿದ ಮೇಲೆ ಹೀಗೆ. ಅಂಗಡಿಯವರು ಹೊಸ ಲ್ಯಾಪ್‌ಟಾಪ್ ತಗೊಳ್ಳಿ ಅಂದರು" ಎಂದ.

ಕೆಲವು ತಿಂಗಳಿಂದ ಓದುಗರು ನನಗೆ ಬರೆಯುತ್ತಿರುವುದೂ ಇದನ್ನೇ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಅದು ಇಂಟೆಲ್‌ನ ಎಂಟನೇ ಪೀಳಿಗೆಯ ಪ್ರೊಸೆಸರ್ ಮತ್ತು ಟಿಪಿಎಂ 2.0 ಚಿಪ್ ಕೇಳುತ್ತದೆ. ಹುಡುಗನ ಲ್ಯಾಪ್‌ಟಾಪ್ 2017ರದು, ಏಳನೇ ಪೀಳಿಗೆಯ ಐ5. ಒಂದೇ ಮೆಟ್ಟಿಲಿನಿಂದ ಹೊರಗುಳಿದ ಯಂತ್ರ. ಅದರಲ್ಲಿ ಎನ್ವಿಡಿಯಾದ ಜಿಟಿಎಕ್ಸ್ 1050 ಗ್ರಾಫಿಕ್ಸ್ ಕಾರ್ಡ್ ಇದೆ, ಕೀಲಿಮಣೆ ಗಟ್ಟಿಯಾಗಿದೆ, ಎಸೆಯುವಂಥದ್ದು ಏನೂ ಇಲ್ಲ. ಹಾಗಾಗಿ ಲಿನಕ್ಸ್ ಮಿಂಟ್ ಹಾಕಿಕೊಂಡಿದ್ದ. ಸರಿಯಾದ ಕೆಲಸವನ್ನೇ ಮಾಡಿದ್ದ. ಆದರೆ ಆಟ ತೆವಳತೊಡಗಿದ್ದೇ ಅವನ ಮನಸ್ಸಿನಲ್ಲಿ ಒಂದು ತೀರ್ಮಾನ ಕೂತುಬಿಟ್ಟಿತ್ತು: ವಿಂಡೋಸ್‌ಗಾಗಿ ಬರೆದ ಆಟವನ್ನು ಅನುವಾದ ಮಾಡಿ ಓಡಿಸಿದರೆ ನಿಧಾನವಾಗದೆ ಇನ್ನೇನಾದೀತು?

ಈ ತೀರ್ಮಾನ ತಪ್ಪು. ನನಗೆ ಬರುವ ಹತ್ತು ಪ್ರಶ್ನೆಗಳಲ್ಲಿ ಎಂಟರ ಬುಡದಲ್ಲಿ ಇದೇ ಇರುತ್ತದೆ. ಅನುವಾದದ ಮೇಲೆ ಗೂಬೆ ಕೂರಿಸಿದ ಮೇಲೆ ನಿಜವಾದ ದೋಷವನ್ನು ಯಾರೂ ಹುಡುಕುವುದಿಲ್ಲ. ಹಾಗಾಗಿ ಇದನ್ನು ಕೊಂಚ ಬಿಡಿಸಿ ಹೇಳುತ್ತೇನೆ.

ವಿಂಡೋಸ್ ಆಟ ಪ್ರತಿ ಕ್ಷಣವೂ ವಿಂಡೋಸ್ ಅನ್ನು ಏನಾದರೂ ಕೇಳುತ್ತಲೇ ಇರುತ್ತದೆ: ಈ ಫೈಲು ತೆರೆ, ಇಷ್ಟು ಮೆಮೊರಿ ಕೊಡು, ಇಲ್ಲೊಂದು ಮರ ಬರೆ. ವೈನ್ ಎಂಬ ತಂತ್ರಾಂಶ ಅದೇ ಕೇಳಿಕೆಗಳಿಗೆ ಲಿನಕ್ಸ್ ನೆಲದ ಮೇಲೆ ನಿಂತು ಉತ್ತರ ಕೊಡುತ್ತದೆ. 1993ರಲ್ಲಿ ಶುರುವಾದ ಕೆಲಸ ಅದು. ಒಂದು ಯಂತ್ರದೊಳಗೆ ಇನ್ನೊಂದು ಯಂತ್ರದ ವೇಷ ಕಟ್ಟುವ ಎಮ್ಯುಲೇಟರ್ ಅದಲ್ಲ. ಆಟದ ಲೆಕ್ಕಾಚಾರಗಳೆಲ್ಲ ನಿಮ್ಮ ಪ್ರೊಸೆಸರ್ ಮೇಲೆ ನೇರವಾಗಿಯೇ ನಡೆಯುತ್ತವೆ. ಚಿತ್ರ ಬರೆಯುವ ಭಾಗ ಮಾತ್ರ ಬಹಳ ವರ್ಷ ಕುಂಟುತ್ತಿತ್ತು. ವಿಂಡೋಸ್ ಆಟಗಳು ಮಾತಾಡುವುದು ಡೈರೆಕ್ಟ್‌ಎಕ್ಸ್ ಭಾಷೆ. ಅದನ್ನು ವೈನ್ ತನ್ನ ವೈನ್‌ಡಿ3ಡಿ ಎಂಬ ಭಾಗದ ಮೂಲಕ ಓಪನ್‌ಜಿಎಲ್‌ಗೆ ತಿರುಗಿಸುತ್ತಿತ್ತು. ಎರಡರ ಸ್ವಭಾವವೂ ಬೇರೆ, ಹಾಗಾಗಿ ನಿಜಕ್ಕೂ ನಿಧಾನವಾಗುತ್ತಿತ್ತು. 2016ರಲ್ಲಿ ವಲ್ಕನ್ ಬಂತು. ಗ್ರಾಫಿಕ್ಸ್ ಕಾರ್ಡಿನ ಜೊತೆ ಹೆಚ್ಚು ನೇರವಾಗಿ ವ್ಯವಹರಿಸುವ ವ್ಯವಸ್ಥೆ ಅದು. ಫಿಲಿಪ್ ರೆಬೋಲೆ ಎಂಬ ಪ್ರೋಗ್ರಾಮರ್ ನಿಯರ್ ಆಟೊಮಾಟಾ ಎಂಬ ಆಟವನ್ನು ಲಿನಕ್ಸ್‌ನಲ್ಲಿ ಆಡಲೇಬೇಕೆಂದು ಹೊರಟು, ಡೈರೆಕ್ಟ್‌ಎಕ್ಸ್ 11 ಅನ್ನು ವಲ್ಕನ್‌ಗೆ ತಿರುಗಿಸುವ ಡಿಎಕ್ಸ್‌ವಿಕೆ ಬರೆದರು. 2018ರ ಆಗಸ್ಟ್‌ನಲ್ಲಿ ಆಟ ಮಾರುವ ಅಂಗಡಿ ಸ್ಟೀಮ್‌ನ ಒಡೆಯರಾದ ವಾಲ್ವ್ ಕಂಪನಿ ವೈನ್, ಡಿಎಕ್ಸ್‌ವಿಕೆ ಎಲ್ಲವನ್ನೂ ಒಂದು ಗಂಟು ಕಟ್ಟಿ ಪ್ರೋಟಾನ್ ಎಂದು ಹೆಸರಿಟ್ಟಿತು. ಡೈರೆಕ್ಟ್‌ಎಕ್ಸ್ 12ಕ್ಕೆ ವಿಕೆಡಿ3ಡಿ-ಪ್ರೋಟಾನ್ ಎಂಬ ಇನ್ನೊಂದು ಭಾಗವಿದೆ.

ನನ್ನ ಅಜ್ಜಿಗೆ ಕನ್ನಡ ಬಿಟ್ಟರೆ ಬೇರೆ ಬರುತ್ತಿರಲಿಲ್ಲ. ಸಂತೆಗೆ ಹೋದರೆ ಅಜ್ಜಿ ಕನ್ನಡದಲ್ಲಿ ಹೇಳಿ ಮುಗಿಸುವುದರೊಳಗೆ ಚಿಕ್ಕಮ್ಮ ತಮಿಳಿನಲ್ಲಿ ಚೌಕಾಸಿ ಶುರು ಮಾಡಿರುತ್ತಿದ್ದಳು. ಎರಡೂ ಭಾಷೆ ಹುಟ್ಟಿನಿಂದ ಬಲ್ಲವರು ನಡುವೆ ನಿಂತರೆ ತಡವಾಗುವುದೇ ಇಲ್ಲ. ಚಿಕ್ಕಮ್ಮ ಜೊತೆಗಿಲ್ಲದ ದಿನ ಯಾರೋ ಅರೆಬರೆ ಬಲ್ಲವರನ್ನು ಹಿಡಿದು ತಂದರೆ ಮಾತ್ರ ಅರ್ಧ ಕಿಲೋ ಬೆಂಡೆಕಾಯಿಗೆ ಅರ್ಧ ಗಂಟೆ. ಡಿಎಕ್ಸ್‌ವಿಕೆ ನಮ್ಮ ಚಿಕ್ಕಮ್ಮನಂಥದ್ದು. ಹುಡುಗನ ಲ್ಯಾಪ್‌ಟಾಪ್‌ನಲ್ಲಿ ಅವಳು ಎಲ್ಲಿ ಹೋದಳು ಎಂಬುದು ನನ್ನ ಪ್ರಶ್ನೆಯಾಗಿತ್ತು.

ಊಹೆಯಿಂದ ಶುರು ಮಾಡಬಾರದು. ಕೊಯಮತ್ತೂರು ಪಂಪ್‌ಸೆಟ್ಟುಗಳ ಊರು. ನೀರು ಕಡಿಮೆ ಬರುತ್ತಿದೆ ಎಂದರೆ ಇಲ್ಲಿನ ಅನುಭವಿ ಮೆಕ್ಯಾನಿಕ್ ಮೋಟಾರು ಬಿಚ್ಚಲು ಹೋಗುವುದಿಲ್ಲ. ಮೊದಲು ವೋಲ್ಟೇಜ್ ನೋಡುತ್ತಾನೆ, ಆಂಪಿಯರ್ ನೋಡುತ್ತಾನೆ, ಆಮೇಲೆ ಫುಟ್‌ವಾಲ್ವ್ ಕಡೆ ಹೋಗುತ್ತಾನೆ. ಆಟಕ್ಕೂ ಅಂಥದೊಂದು ಮೀಟರ್ ಇದೆ, ಅದರ ಹೆಸರು ಮ್ಯಾಂಗೊಹಡ್. ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲೇ ಸಿಗುತ್ತದೆ. ಹಾಕಿಕೊಂಡ ಮೇಲೆ ಸ್ಟೀಮ್‌ನಲ್ಲಿ ಆ ಆಟದ ಪ್ರಾಪರ್ಟೀಸ್ ತೆರೆದು, ಲಾಂಚ್ ಆಪ್ಷನ್ಸ್ ಎಂಬ ಖಾನೆಯಲ್ಲಿ ಮ್ಯಾಂಗೊಹಡ್ ಹೆಸರು ಬರೆದು, ಪಕ್ಕದಲ್ಲಿ ಎರಡು ಶೇಕಡಾ ಚಿಹ್ನೆಗಳ ನಡುವೆ ಕಮಾಂಡ್ ಎಂಬ ಪದ ಇಡಬೇಕು. ಆಟದ ಮೂಲೆಯಲ್ಲಿ ಪುಟ್ಟ ಪಟ್ಟಿ ಮೂಡುತ್ತದೆ: ಗ್ರಾಫಿಕ್ಸ್ ಕಾರ್ಡ್ ಶೇಕಡಾ ಎಷ್ಟು ದುಡಿಯುತ್ತಿದೆ, ಪ್ರೊಸೆಸರ್ ಎಷ್ಟು, ಸೆಕೆಂಡಿಗೆ ಎಷ್ಟು ಚಿತ್ರ, ಕೆಳಗೆ ಒಂದೊಂದು ಚಿತ್ರಕ್ಕೆ ಎಷ್ಟು ಮಿಲಿಸೆಕೆಂಡು ಹಿಡಿಯಿತು ಎಂಬ ಗೆರೆ. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಒಂದೊಂದಕ್ಕೆ ಸಿಗುವುದು 16.7 ಮಿಲಿಸೆಕೆಂಡು ಮಾತ್ರ, 30 ಸಾಕೆಂದರೆ 33.3.

ಕಾರ್ಡು ಶೇಕಡಾ 97, 98ರಲ್ಲಿ ದುಡಿಯುತ್ತಿದ್ದು ಆಟ ನಿಧಾನವಾಗಿದ್ದರೆ ಯಾವ ದೋಷವೂ ಇಲ್ಲ, ಕಾರ್ಡಿನ ತ್ರಾಣವೇ ಅಷ್ಟು. ನೆರಳು, ಹುಲ್ಲು, ಕೂದಲಿನ ಸೆಟ್ಟಿಂಗ್ ಇಳಿಸಿಕೊಳ್ಳಿ. ಕಾರ್ಡು 40ರಲ್ಲಿದ್ದು ಪ್ರೊಸೆಸರಿನ ಒಂದು ಕೋರ್ ಮಾತ್ರ ತುಂಬಿ ಹೋಗಿದ್ದರೆ ತಡೆ ಪ್ರೊಸೆಸರಿನ ಕಡೆ ಇದೆ. ನಮ್ಮ ಹುಡುಗನ ಪಟ್ಟಿಯಲ್ಲಿ ಕಂಡದ್ದು ಇವೆರಡೂ ಅಲ್ಲ. ಎನ್ವಿಡಿಯಾ ಕಾರ್ಡಿನ ಕೆಲಸ ಸೊನ್ನೆ. ಸೆಕೆಂಡಿಗೆ 6 ಚಿತ್ರ. ಆ ಅಂಕಿಯ ಪಕ್ಕದಲ್ಲಿ ಡಿಎಕ್ಸ್‌ವಿಕೆ ಎಂದಿರಬೇಕಾದ ಕಡೆ ವೈನ್‌ಡಿ3ಡಿ ಎಂಬ ಹೆಸರು.

ಲಾಂಚ್ ಆಪ್ಷನ್ಸ್ ಖಾನೆಗೆ ಮರಳಿ ಹೋಗಿ, ಅವನು ಮೊದಲೇ ಬರೆದಿಟ್ಟಿದ್ದನ್ನು ಪೂರ್ತಿ ಬಲಕ್ಕೆ ಎಳೆದು ಓದಿದೆ. ಪರದೆಯ ಅಗಲಕ್ಕೂ ಮೀರಿದ ಉದ್ದದ ಸಾಲು. ಎಲ್ಲೆಲ್ಲಿಂದಲೋ ಆಯ್ದು ಅಂಟಿಸಿದ ಏಳೆಂಟು ಸೂಚನೆಗಳು. ಅವುಗಳಲ್ಲಿ ಒಂದು ಪ್ರೋಟಾನ್‌ಗೆ "ಡಿಎಕ್ಸ್‌ವಿಕೆ ಬಿಡು, ವೈನ್‌ಡಿ3ಡಿ ಬಳಸು" ಎಂದು ಹೇಳುವಂಥದ್ದು. ಅಲ್ಲಿಗೆ ಸರಪಳಿ ಪೂರ್ತಿ ಕಂಡಿತು. ಆ ಒಂದು ಸೂಚನೆಯಿಂದ ಆಟ ವಲ್ಕನ್ ಬಿಟ್ಟು ಓಪನ್‌ಜಿಎಲ್ ದಾರಿ ಹಿಡಿದಿದೆ. ಇಂಥ ಲ್ಯಾಪ್‌ಟಾಪ್‌ನಲ್ಲಿ ಚಿತ್ರ ಬರೆಯುವ ಕೈಗಳು ಎರಡು: ಪ್ರೊಸೆಸರಿನೊಳಗಿನ ಇಂಟೆಲ್‌ನ ಸಣ್ಣ ಚಿಪ್, ಬೇರೆಯಾಗಿ ಕೂತಿರುವ ಎನ್ವಿಡಿಯಾ. ಬ್ಯಾಟರಿ ಉಳಿಸಲೆಂದು ಮಿಂಟ್ 'ಆನ್-ಡಿಮ್ಯಾಂಡ್' ಕ್ರಮದಲ್ಲಿತ್ತು, ಅಂದರೆ ಹೆಸರು ಹಿಡಿದು ಕರೆಯುವವರೆಗೆ ಎನ್ವಿಡಿಯಾ ಮಲಗಿರುತ್ತದೆ. ಡಿಎಕ್ಸ್‌ವಿಕೆ ಆಗಿದ್ದರೆ ಎರಡು ಕಾರ್ಡುಗಳಲ್ಲಿ ದೊಡ್ಡದನ್ನು ತಾನಾಗಿಯೇ ಆರಿಸಿಕೊಳ್ಳುತ್ತದೆ. ಓಪನ್‌ಜಿಎಲ್‌ಗೆ ಆ ರೂಢಿಯಿಲ್ಲ, ಮೊದಲು ಎದುರಾದ ಇಂಟೆಲ್ ಕೈಗೆ ಕುಂಚ ಕೊಟ್ಟುಬಿಡುತ್ತದೆ. ಎರಡು ಪೆಟ್ಟು ಒಟ್ಟಿಗೆ: ಅರೆಬರೆ ದುಭಾಷಿ, ಸಣ್ಣ ಕೈ. ಇಡೀ ಸಾಲು ಅಳಿಸಿದೆ, ಮ್ಯಾಂಗೊಹಡ್ ಒಂದನ್ನು ಉಳಿಸಿದೆ. ಆಟ ಮತ್ತೆ ತೆರೆದಾಗ ಪಟ್ಟಿಯಲ್ಲಿ ಡಿಎಕ್ಸ್‌ವಿಕೆ ಬಂತು, ಕಾರ್ಡಿನ ಕೆಲಸ 98ಕ್ಕೆ ಏರಿತು, ಸೆಕೆಂಡಿಗೆ 38 ಚಿತ್ರ. ಮಧ್ಯಮ ಸೆಟ್ಟಿಂಗ್‌ನಲ್ಲಿ ಆ ಕಾರ್ಡಿಗೆ ಅದು ನ್ಯಾಯವಾದ ಅಂಕಿ.

ಆ ಸೂಚನೆ ಕೆಟ್ಟದ್ದಲ್ಲ ಎಂಬುದನ್ನೂ ಹೇಳಬೇಕು. ಅದು ಬೇರೆ ಯಂತ್ರದ ಮದ್ದು. ತಮಿಳುನಾಡು ಸರ್ಕಾರ 2011ರಿಂದ ಶಾಲಾ ಕಾಲೇಜು ಮಕ್ಕಳಿಗೆ ಉಚಿತ ಲ್ಯಾಪ್‌ಟಾಪ್ ಹಂಚಿತು. ಅವುಗಳಲ್ಲಿ ಬಹಳಷ್ಟರಲ್ಲಿ ವಿಂಡೋಸ್ ಪಕ್ಕದಲ್ಲಿ ಸಿ-ಡ್ಯಾಕ್‌ನವರ ಬಾಸ್ ಲಿನಕ್ಸ್ ಕೂಡ ಇತ್ತು. ನಮ್ಮ ಸಂಬಂಧಿಕರ ಮಕ್ಕಳು ಎಷ್ಟೋ ಜನ ಲಿನಕ್ಸ್ ಮೊದಲು ಕಂಡದ್ದು ಅಲ್ಲೇ. ಆ ಕಾಲದ ಇಂಟೆಲ್ ಎರಡನೇ ಪೀಳಿಗೆಯ ಚಿಪ್ಪುಗಳಿಗೆ ವಲ್ಕನ್ ಡ್ರೈವರ್ ಇಲ್ಲವೇ ಇಲ್ಲ. ಮೂರು, ನಾಲ್ಕನೇ ಪೀಳಿಗೆಗೆ ಇರುವುದು ಅಪೂರ್ಣ. ಡಿಎಕ್ಸ್‌ವಿಕೆ 2.0 ಕೇಳುವುದು ವಲ್ಕನ್ 1.3. ಹಾಗಾಗಿ ಅಂಥ ಯಂತ್ರದಲ್ಲಿ ಹಳೆಯ ಆಟವೊಂದನ್ನು ಆಡಬೇಕೆಂದರೆ ವೈನ್‌ಡಿ3ಡಿ ದಾರಿಯೇ ಗತಿ. ಯಾರೋ ಒಬ್ಬರಿಗೆ ಅದರಿಂದ ನಿಜವಾಗಿಯೂ ಉಪಯೋಗವಾಗಿ ಬರೆದಿಟ್ಟಿದ್ದಾರೆ, ನಮ್ಮ ಹುಡುಗ ಯಂತ್ರ ಯಾವುದೆಂದು ನೋಡದೆ ಅಂಟಿಸಿಕೊಂಡಿದ್ದಾನೆ. ಪಕ್ಕದ ಮನೆಯವರ ಬಿಪಿ ಮಾತ್ರೆ ನುಂಗಿದ ಹಾಗೆ.

ಎನ್ವಿಡಿಯಾ ಇರುವವರು ಇನ್ನೊಂದನ್ನು ನೋಡಿಕೊಳ್ಳಿ. ಮಿಂಟ್‌ನಂಥ ಲಿನಕ್ಸ್ ಹಾಕಿದಾಗ ಸಾಮಾನ್ಯವಾಗಿ ಬರುವುದು ನೂವೋ ಎಂಬ ಮುಕ್ತ ಡ್ರೈವರ್. ಜಿಟಿಎಕ್ಸ್ 1050ರ ಪೀಳಿಗೆಯ ಕಾರ್ಡುಗಳು ಎನ್ವಿಡಿಯಾ ಸಹಿ ಮಾಡಿದ ಫರ್ಮ್‌ವೇರ್ ಇಲ್ಲದೆ ತಮ್ಮ ವೇಗ ಏರಿಸಲು ಬಿಡುವುದಿಲ್ಲ. ನೂವೋ ಕೈಯಲ್ಲಿ ಅವು ಮೊದಲ ಗೇರಿನಲ್ಲೇ ಉಳಿಯುತ್ತವೆ. ಡ್ರೈವರ್ ಮ್ಯಾನೇಜರ್ ತೆರೆದು ಎನ್ವಿಡಿಯಾದ್ದೇ ಡ್ರೈವರ್ ಹಾಕಿಕೊಳ್ಳಬೇಕು. ಈ ಪೀಳಿಗೆಗೆ 580 ಸರಣಿಯೇ ಕೊನೆ, ಅದಕ್ಕಿಂತ ಹೊಸದು ಸಿಕ್ಕಿತೆಂದು ಹಾಕಿದರೆ ಕಾರ್ಡು ಕೆಲಸ ಮಾಡುವುದಿಲ್ಲ. ಎಎಂಡಿ ಮತ್ತು ಇಂಟೆಲ್ ಕಾರ್ಡುಗಳಿಗೆ ಈ ತಾಪತ್ರಯವಿಲ್ಲ. ಅವುಗಳ ಡ್ರೈವರ್ ಲಿನಕ್ಸ್ ಜೊತೆಗೇ ಬರುತ್ತದೆ, ಸಿಸ್ಟಮ್ ಅಪ್‌ಡೇಟ್ ಮಾಡುತ್ತಿದ್ದರೆ ಸಾಕು. ಯಾರ ಯಂತ್ರದಲ್ಲಾದರೂ ಕಾರ್ಡಿನ ಹೆಸರಿರಬೇಕಾದ ಜಾಗದಲ್ಲಿ ಎಲ್‌ಎಲ್‌ವಿಎಂಪೈಪ್ ಎಂದು ಕಂಡರೆ ಡ್ರೈವರೇ ಸಿಕ್ಕಿಲ್ಲ ಎಂದರ್ಥ. ಚಿತ್ರವನ್ನೆಲ್ಲ ಪ್ರೊಸೆಸರ್ ಒಬ್ಬನೇ ಬರೆಯುತ್ತಿದ್ದಾನೆ.

38 ಬಂತಲ್ಲ ಎಂದು ಹುಡುಗ ಹಿಗ್ಗಿದ. ಅಕ್ಕ ಕಾಫಿ ತಂದಳು. ಲೋಟ ಖಾಲಿಯಾಗುವ ಹೊತ್ತಿಗೆ ಕುದುರೆ ಮತ್ತೆ ಎಡವತೊಡಗಿತ್ತು. 38 ಇದ್ದದ್ದು 30, 24, ಕಡೆಗೆ 19. ಶುರುವಿನಿಂದಲೇ ನಿಧಾನವಾಗಿರುವ ಆಟಕ್ಕೂ ಕಾಲು ಗಂಟೆಯ ಮೇಲೆ ನಿಧಾನವಾಗುವ ಆಟಕ್ಕೂ ಕಾರಣ ಬೇರೆ. ಮೀಟರ್‌ನಲ್ಲಿ ತಾಪಮಾನ ಕಾಣುವಂತೆ ಮಾಡಿದೆ. ಪ್ರೊಸೆಸರ್ 98 ಡಿಗ್ರಿ. ಅಷ್ಟು ಕಾದರೆ ಚಿಪ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಇದರಲ್ಲಿ ಲಿನಕ್ಸ್‌ನದೂ ಪ್ರೋಟಾನ್‌ನದೂ ಏನೂ ಪಾತ್ರವಿಲ್ಲ.

ಬ್ಯಾಟರಿ ಕಳಚಿ, ಹನ್ನೊಂದು ತಿರುಪು ಬಿಚ್ಚಿ, ಹಿಂಬದಿಯ ಮುಚ್ಚಳ ಎತ್ತಿದೆವು. ಫ್ಯಾನಿನ ಮೇಲೆ ಅಷ್ಟೇನೂ ಧೂಳಿರಲಿಲ್ಲ. ಫ್ಯಾನ್ ತೆಗೆದ ಮೇಲೆ ಕಂಡಿತು: ಗಾಳಿ ಹೊರಹೋಗುವ ತಾಮ್ರದ ತೆಳು ಪಟ್ಟಿಗಳ ಬಾಯಿಗೆ ಅಡ್ಡಲಾಗಿ ಬೂದು ಬಣ್ಣದ ಒಂದು ದಪ್ಪ ಪದರ. ಚಿಮಟಿಗೆಯಿಂದ ಒಂದು ತುದಿ ಹಿಡಿದು ಎಳೆದರೆ ಹರಿಯದೆ ಇಡಿಯಾಗಿ ಎದ್ದು ಬಂತು, ಬೆರಳುದ್ದದ ಕಂಬಳಿ ತುಂಡಿನ ಹಾಗೆ. ಬೆಳಕಿಗೆ ಹಿಡಿದರೆ ಒಳಗೆ ಕೆಂಪು, ನೀಲಿ ಎಳೆಗಳು. ತಿರುಪ್ಪೂರಿನ ಹೆಣಿಗೆ ಯಂತ್ರಗಳಿಂದ ಹಾರುವ ಹತ್ತಿಯ ನಾರು. ಅವನ ಮೇಜು ಇರುವ ಕೋಣೆ ಯಂತ್ರಗಳ ಮಗ್ಗುಲಲ್ಲೇ. ಏಳೆಂಟು ವರ್ಷ ಲ್ಯಾಪ್‌ಟಾಪ್ ಅದೇ ಗಾಳಿ ಉಸಿರಾಡಿದೆ. ಸಾಮಾನ್ಯ ಧೂಳು ಪುಡಿಯಾಗಿ ಉದುರುತ್ತದೆ. ಹತ್ತಿಯ ನಾರು ಒಂದಕ್ಕೊಂದು ಹೆಣೆದುಕೊಂಡು ಬಟ್ಟೆಯೇ ಆಗಿಬಿಡುತ್ತದೆ. ಹೊರಗಿನಿಂದ ಗಾಳಿ ಊದಿದರೆ ಅದು ಜಗ್ಗುವುದಿಲ್ಲ, ಬಿಚ್ಚಿಯೇ ತೆಗೆಯಬೇಕು. ಅಕ್ಕ ಆ ತುಂಡನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. "ಇದು ಇವನ ಎದೆಯೊಳಗೂ ಹೋಗುತ್ತದಲ್ಲವಾ?" ಎಂದಳು. ಮಾಸ್ಕ್ ಹಾಕಿಕೊಳ್ಳುತ್ತೇನೆ ಎಂದು ಅವನು ಮಾತು ಕೊಟ್ಟಿದ್ದಾನೆ.

ಒಣಗಿ ಸೀಮೆಸುಣ್ಣವಾಗಿದ್ದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದೆವು. ಅರ್ಧ ಗಂಟೆ ಆಡಿದರೂ ತಾಪಮಾನ 81 ದಾಟಲಿಲ್ಲ, ಚಿತ್ರಗಳು 37ಕ್ಕಿಂತ ಕೆಳಗಿಳಿಯಲಿಲ್ಲ. ಹತ್ತಿ ಗಿರಣಿ, ಮಗ್ಗ, ಬನಿಯನ್ ಕಾರ್ಖಾನೆಗಳ ಸುತ್ತ ಬದುಕುವ ಓದುಗರಿಗೆ, ಅದು ತಿರುಪ್ಪೂರಾಗಲಿ ದೊಡ್ಡಬಳ್ಳಾಪುರವಾಗಲಿ, ನಾನು ಹೇಳುವುದು: ಲಿನಕ್ಸ್‌ನ ಯಾವ ಸೆಟ್ಟಿಂಗ್ ಮುಟ್ಟುವ ಮೊದಲೂ ಈ ಕಂಬಳಿ ಇದೆಯೇ ನೋಡಿ.

ಇಷ್ಟಾದ ಮೇಲೂ ಒಂದು ದೂರು ಉಳಿದಿತ್ತು. ಹೊಸ ಹಳ್ಳಿಗೆ ಕಾಲಿಟ್ಟಾಗ, ಹೊಸ ಮಂತ್ರ ಹಾಕಿದಾಗ ಒಂದು ಗಕ್ಕನೆಯ ನಿಲುಗಡೆ, ಆಮೇಲೆ ಸರಾಗ. ಇದು ನಿಧಾನವಲ್ಲ, ತೊದಲು. ಆಟದೊಳಗಿನ ಬೆಳಕು, ನೀರು, ಬೆಂಕಿಗಳಿಗೆಲ್ಲ ಶೇಡರ್ ಎಂಬ ಪುಟ್ಟ ಪ್ರೋಗ್ರಾಮ್‌ಗಳಿರುತ್ತವೆ. ಬೆಂಕಿ ಮೊದಲ ಸಲ ಕಣ್ಣಿಗೆ ಬಿದ್ದಾಗ ಅದರ ಶೇಡರನ್ನು ವಲ್ಕನ್‌ಗೆ ತಿರುಗಿಸಿ, ಅಲ್ಲಿಂದ ನಿಮ್ಮ ಕಾರ್ಡಿನ ಸ್ವಂತ ಭಾಷೆಗೆ ಇಳಿಸಬೇಕು. ಅದಕ್ಕೆ 100 ಮಿಲಿಸೆಕೆಂಡು ಹಿಡಿದರೆ ಅಷ್ಟು ಹೊತ್ತು ಚಿತ್ರ ನಿಲ್ಲುತ್ತದೆ. ಒಮ್ಮೆ ಆದದ್ದನ್ನು ಡಿಸ್ಕಿನಲ್ಲಿ ಉಳಿಸಿಟ್ಟುಕೊಳ್ಳುತ್ತದೆ, ಎರಡನೇ ಸಲ ತೊದಲುವುದಿಲ್ಲ. ಸ್ಟೀಮ್ ಆಟಕ್ಕೆ ಮೊದಲು "ವಲ್ಕನ್ ಶೇಡರ್" ಎಂದು ತೋರಿಸುತ್ತ ಕಾಯಿಸುತ್ತದಲ್ಲ, ಅದು ಈ ಕೆಲಸವನ್ನೇ ಮುಂಚಿತವಾಗಿ ಮುಗಿಸುತ್ತಿರುವುದು. ಬೇಸರಪಟ್ಟು ಸ್ಕಿಪ್ ಒತ್ತಬೇಡಿ. 2022ರ ನವೆಂಬರ್‌ನಲ್ಲಿ ಬಂದ ಡಿಎಕ್ಸ್‌ವಿಕೆ 2.0 ಹೊಸ ಡ್ರೈವರ್ ಇರುವ ಕಡೆ ಈ ತೊದಲನ್ನು ಬಹಳ ಮಟ್ಟಿಗೆ ಇಳಿಸಿದೆ. ಡಿಸ್ಕಿನಲ್ಲಿ ಉಳಿಸಿಟ್ಟ ಆ ಶೇಡರ್ ಕ್ಯಾಶ್ ಅಳಿಸಿದರೆ ಆಟ ಚುರುಕಾಗುತ್ತದೆ ಎಂದು ನಂಬಿ ಪ್ರತಿ ವಾರ ಅಳಿಸುವವರಿದ್ದಾರೆ. ಅವರು ತೊದಲನ್ನು ಪ್ರತಿ ವಾರ ಕೈಯಾರೆ ಹಿಂದಕ್ಕೆ ಕರೆಯುತ್ತಿದ್ದಾರೆ.

ಆಟ ಇರುವ ಜಾಗವೂ ಮುಖ್ಯ. ಹುಡುಗನ ಆಟ ಇದ್ದದ್ದು ವಿಂಡೋಸ್ ಕಾಲದ ಡಿ ಡ್ರೈವ್‌ನಲ್ಲಿ, ಎನ್‌ಟಿಎಫ್‌ಎಸ್ ಎಂಬ ವಿಂಡೋಸ್ ವಿಧಾನದಲ್ಲಿ. ಹತ್ತಾರು ಗಿಗಾಬೈಟ್ ಮತ್ತೆ ಇಳಿಸಿಕೊಳ್ಳುವುದು ಯಾಕೆ ಎಂದು ಎಲ್ಲರೂ ಹೀಗೇ ಮಾಡುತ್ತಾರೆ. ಪ್ರೋಟಾನ್ ಪ್ರತಿ ಆಟಕ್ಕೂ ಒಂದು ಪುಟ್ಟ ವಿಂಡೋಸ್ ಮನೆ ಕಟ್ಟುತ್ತದೆ, ಅದರೊಳಗೆ 'ಸಿ' ಅಕ್ಷರದ ಮುಂದೆ ಎರಡು ಚುಕ್ಕಿ ಇರುವ ಹೆಸರಿನ ಕೊಂಡಿಯೊಂದಿರುತ್ತದೆ. ವಿಂಡೋಸ್‌ನ ನಿಯಮದಲ್ಲಿ ಫೈಲಿನ ಹೆಸರಿಗೆ ಆ ಎರಡು ಚುಕ್ಕಿ ನಿಷಿದ್ಧ. ತಕರಾರು ಅಲ್ಲೇ ಶುರು. ಜೊತೆಗೆ ವಿಂಡೋಸ್ ಅನ್ನು ಅರ್ಧ ನಿದ್ದೆಯಲ್ಲಿ ಮುಚ್ಚುವ ಫಾಸ್ಟ್ ಸ್ಟಾರ್ಟಪ್ ಆನ್ ಆಗಿದ್ದರೆ ಲಿನಕ್ಸ್‌ಗೆ ಆ ಡ್ರೈವ್‌ನಲ್ಲಿ ಬರೆಯಲು ಅವಕಾಶವೇ ಸಿಗದಿರಬಹುದು. ಆಟವನ್ನು ಲಿನಕ್ಸ್‌ನದೇ ವಿಧಾನವಾದ ಎಕ್ಸ್‌ಟಿ4 ಜಾಗಕ್ಕೆ ಸಾಗಿಸಿದೆವು, ರಾತ್ರಿಯೆಲ್ಲ ಕಾಪಿ ಆಯಿತು.

ಬೇರೆ ಕಾರ್ಡಿಲ್ಲದೆ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಮೇಲೇ ಆಡುವವರು ಬಹಳ. ಅವರು ಮೊದಲು ನೋಡಬೇಕಾದದ್ದು ರ‍್ಯಾಮ್. ಆ ಚಿಪ್ಪಿಗೆ ಸ್ವಂತ ಮೆಮೊರಿ ಇಲ್ಲ, ಮುಖ್ಯ ರ‍್ಯಾಮಿನಿಂದಲೇ ಎಲ್ಲವನ್ನೂ ಎಳೆದುಕೊಳ್ಳಬೇಕು. 8 ಗಿಗಾಬೈಟಿನ ಒಂದೇ ಪಟ್ಟಿ ಇರುವ ಲ್ಯಾಪ್‌ಟಾಪಿಗೆ ಅಂಥದ್ದೇ ಇನ್ನೊಂದು ಸೇರಿಸಿದರೆ ಮೆಮೊರಿಯ ದಾರಿ ಎರಡು ಪಟ್ಟು ಅಗಲವಾಗುತ್ತದೆ. ಹಳೆಯ ರ‍್ಯಾಮ್ ಪಟ್ಟಿಯಾದರೂ ಸಾಕು, ಅಂಥವರಿಗೆ ನನಗೆ ಗೊತ್ತಿರುವ ಅತ್ಯುತ್ತಮ ಖರ್ಚು ಅದೇ. ಚಾರ್ಜರ್ ಹಾಕಿಕೊಂಡು ಪವರ್ ಮೋಡ್ ಪರ್ಫಾರ್ಮೆನ್ಸ್‌ಗೆ ಇಡುವುದನ್ನೂ ಮರೆಯಬೇಡಿ. ಇನ್ನು ಎಸಿಂಕ್, ಎಫ್‌ಸಿಂಕ್, 2025ರ ಲಿನಕ್ಸ್ 6.14ರೊಂದಿಗೆ ಬಂದ ಎನ್‌ಟಿಸಿಂಕ್ ಎಂದು ಹೆಸರುಗಳು ಕಿವಿಗೆ ಬೀಳುತ್ತವೆ. ಆಟದ ಒಳಗಿನ ಹಲವು ಕೆಲಸಗಳು ಒಂದಕ್ಕೊಂದು ಕಾಯುವ ರೀತಿಯನ್ನು ಚುರುಕುಗೊಳಿಸುವ ಉಪಾಯಗಳು ಅವು. ಹೊಸ ಪ್ರೋಟಾನ್ ಇದ್ದರೆ ಬೇಕಾದದ್ದನ್ನು ಅದೇ ನೋಡಿಕೊಳ್ಳುತ್ತದೆ. ನೀವು ಕೈ ಹಾಕಬೇಕಿಲ್ಲ. ಆಟ ನಿಧಾನವಾಯಿತೆಂದು ಮಿಂಟ್ ಬಿಟ್ಟು ಇನ್ನೊಂದು ಲಿನಕ್ಸ್, ಅದನ್ನೂ ಬಿಟ್ಟು ಮತ್ತೊಂದು ಎಂದು ಅಲೆಯುವುದನ್ನೂ ನಾನು ಒಪ್ಪುವುದಿಲ್ಲ. ಆ ಹತ್ತಿಯ ಕಂಬಳಿ ಯಾವ ಲಿನಕ್ಸ್ ಹಾಕಿದರೂ ಅಲ್ಲೇ ಇರುತ್ತಿತ್ತು.

ವಾಲರಂಟ್, ಫೋರ್ಟ್‌ನೈಟ್‌ನಂಥ ಆಟಗಳ ಬಗ್ಗೆ ಕೇಳುವವರಿಗೆ ಬೇರೆ ಉತ್ತರ. ಅಲ್ಲಿ ನಿಧಾನದ ಮಾತೇ ಇಲ್ಲ, ಅವು ಲಿನಕ್ಸ್‌ನಲ್ಲಿ ತೆರೆಯುವುದೇ ಇಲ್ಲ. ಮೋಸ ತಡೆಯುವ ಅವುಗಳ ವ್ಯವಸ್ಥೆಗೆ ಲಿನಕ್ಸ್‌ನಲ್ಲಿ ಅನುಮತಿ ಕೊಡಬಾರದೆಂದು ಕಂಪನಿಗಳೇ ತೀರ್ಮಾನಿಸಿವೆ. ನಾವು ಮನೆಯಲ್ಲಿ ಕೂತು ಏನು ತಿದ್ದಿದರೂ ಅದು ಬದಲಾಗದು. ಆ ಆಟಗಳೇ ಬೇಕೆನ್ನುವವರು ಲಿನಕ್ಸ್‌ಗೆ ಬರುವ ಮೊದಲೇ ಇದನ್ನು ತಿಳಿದಿರಬೇಕು.

ಮಾರನೆಯ ದಿನ ಹೊರಡುವಾಗ ಹುಡುಗ ಬಸ್ ನಿಲ್ದಾಣದವರೆಗೆ ಬಂದ. ಕಿಸೆಯಿಂದ ಕಾರ್ಖಾನೆಯ ಲೆಕ್ಕದ ಚೀಟಿಯೊಂದನ್ನು ತೆಗೆದು ತೋರಿಸಿದ. ಹಿಂಬದಿಯಲ್ಲಿ ತಮಿಳು ಅಕ್ಷರಗಳಲ್ಲಿ ಕನ್ನಡದ ಮಾತು, ಮೂರು ಸಾಲು: ಅಂಟಿಸಿದ ಸಾಲು ತೆಗೆದ ಮೇಲೆ 6ರಿಂದ 38. ಹತ್ತಿ ತೆಗೆದ ಮೇಲೆ 98 ಡಿಗ್ರಿಯಿಂದ 81. ಡ್ರೈವ್ ಬದಲಿಸಿದ ಮೇಲೆ, ಎಂದು ಬರೆದು ಮುಂದೆ ಖಾಲಿ ಬಿಟ್ಟಿದ್ದ. "ರಾತ್ರಿ ಕಾಪಿ ಮುಗಿದಿದೆ, ಇವತ್ತು ಆಡಿ ನೋಡಿ ತುಂಬುತ್ತೇನೆ" ಎಂದ.